ಫೈಟರ್ ಮೀನು ಮಂಡಕ್ಕಿ ತಿನ್ನುವುದಿಲ್ಲ

(ಊರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಹೇಳಿದ ಜಾಗಗಳನ್ನು ಕತ್ತರಿಸಿದ್ದೇನೆ. ಕೇಳುಗರ ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಶೃಂಗೇರಿಗೆ ಹೋದವರೆಲ್ಲ ತುಂಗೆಯ ಮೆಟ್ಟಿಲ ಮೇಲೆ ನಿಂತು ಮಂಡಕ್ಕಿ ಎರಚಿರುತ್ತೀರಿ. ತೊಡೆಗಾತ್ರದ ಮೀನುಗಳು ಒಂದರ ಮೈಮೇಲೊಂದು ಬಿದ್ದು ಬಾಯಿ ತೆರೆಯುವುದನ್ನು ಮಕ್ಕಳಿಗೆ ತೋರಿಸಿರುತ್ತೀರಿ. ಶಿಶಿಲದಲ್ಲೂ ಅದೇ ನೋಟ. ಅಲ್ಲಿರುವುದು ಮಹಸೀರ್ ಬಳಗದ ಮೀನುಗಳು. ಹೊಳೆಗೆ ಬಿದ್ದ ಹಣ್ಣು, ಕಾಳು, ಪಾಚಿ, ಹುಳ, ಸಣ್ಣ ಮೀನು, ಸಿಕ್ಕಿದ್ದನ್ನೆಲ್ಲ ತಿಂದು ಅರಗಿಸಿಕೊಳ್ಳುವ ಜಾತಿ. ನಮ್ಮಲ್ಲಿ ಬಹಳ ಮಂದಿಗೆ ಮೀನಿಗೆ ಊಟ ಹಾಕುವ ಮೊದಲ ಅನುಭವ ಆಗುವುದು ಅಲ್ಲೇ. ಮುಂದೊಂದು ದಿನ ಮಗುವಿನ ಹಟಕ್ಕೆ ಮನೆಗೊಂದು ಫೈಟರ್ ಬಂದಾಗ ಕೈ ತಾನಾಗಿ ಮಂಡಕ್ಕಿ ಡಬ್ಬದ ಕಡೆ ಹೋಗುತ್ತದೆ. ಮಂಡಕ್ಕಿ ಇಲ್ಲದಿದ್ದರೆ ಅನ್ನದ ಅಗುಳು, ಬ್ರೆಡ್ಡಿನ ಚೂರು, ತೀರಾ ಆದರೆ ಬಿಸ್ಕತ್ತು.

ಫೈಟರ್ ಇದ್ಯಾವುದನ್ನೂ ತಿನ್ನುವ ಮೀನಲ್ಲ. ಅದು ಹುಳ ಹಿಡಿದು ತಿನ್ನುವ ಬೇಟೆಗಾರ. ಹಸಿವು ಹೆಚ್ಚಾದಾಗ ಅಗುಳನ್ನು ಬಾಯಿಗೆ ಹಾಕಿಕೊಂಡೀತು, ಉಗಿದೀತು, ಮತ್ತೆ ಹಾಕಿಕೊಂಡೀತು. ಅದನ್ನು ನೋಡಿ ನಾವು "ತಿಂತು ತಿಂತು" ಎಂದು ಖುಷಿಪಡುತ್ತೇವೆ.

ಈ ಮೀನಿನ ಬಗ್ಗೆ ಇರುವ ತಪ್ಪು ತಿಳಿವಳಿಕೆಗಳನ್ನೆಲ್ಲ ರಾಶಿ ಹಾಕಿ ನೋಡಿದರೆ ಬುಡದಲ್ಲಿ ಸಿಗುವುದು ಒಂದೇ: ಇದರ ಗಟ್ಟಿತನ. ಬೇರೆ ಮೀನು ಎರಡು ದಿನದಲ್ಲಿ ಹೊಟ್ಟೆ ಮೇಲೆ ಮಾಡುವ ನೀರಿನಲ್ಲಿ ಇದು ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ನಾವು ಅದನ್ನು ಸಹಿಸಿಕೊಳ್ಳುವುದು ಎಂದು ಓದದೆ ಇಷ್ಟಪಡುವುದು ಎಂದು ಓದಿಕೊಳ್ಳುತ್ತೇವೆ. "ಅದಕ್ಕೆ ಸಣ್ಣ ಬೌಲೇ ಇಷ್ಟ", "ಅದಕ್ಕೆ ಫಿಲ್ಟರ್ ಆಗಿಬರಲ್ಲ", "ಅದು ವಾರಕ್ಕೊಂದ್ಸಲ ತಿಂದರೂ ಸಾಕು" ಎಂಬ ಮಾತುಗಳೆಲ್ಲ ಹುಟ್ಟಿದ್ದು ಹೀಗೆ. ಒಂಟೆ ದಿನಗಟ್ಟಲೆ ನೀರಿಲ್ಲದೆ ನಡೆಯಬಲ್ಲದು, ಹಾಗಂತ ಅದರ ಮುಂದೆ ನೀರೇ ಇಡದವರುಂಟೆ?

ಈ ಗಟ್ಟಿತನ ಎಲ್ಲಿಂದ ಬಂತು ಎಂದು ನೋಡಲು ಸ್ವಲ್ಪ ದೂರ ಹೋಗಬೇಕು, ಥಾಯ್ಲೆಂಡಿಗೆ. ನಮ್ಮ ಅಂಗಡಿಗಳ ಫೈಟರ್‌ಗೆ ವಿಜ್ಞಾನಿಗಳು ಕೊಟ್ಟ ಹೆಸರು ಬೆಟ್ಟಾ ಸ್ಪ್ಲೆಂಡೆನ್ಸ್. ಅದರ ಮೂಲ ಮಧ್ಯ ಥಾಯ್ಲೆಂಡಿನ ಚಾವೊ ಪ್ರಾಯ ನದಿಯ ಬಯಲು. ಭತ್ತದ ಗದ್ದೆ, ಜೌಗು, ನಿಧಾನವಾಗಿ ಹರಿಯುವ ಕಾಲುವೆ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ವೈದ್ಯನಾಗಿದ್ದ, ಡೆನ್ಮಾರ್ಕ್ ಮೂಲದ ಥಿಯೋಡರ್ ಕ್ಯಾಂಟರ್ 1849ರಲ್ಲಿ ಇದರ ಬಗ್ಗೆ ಬರೆದ. ಅವನು ಇಟ್ಟ ಹೆಸರು ಬೇರೊಂದು ಮೀನಿನದ್ದೆಂದು ತಿಳಿದು, 1910ರಲ್ಲಿ ಬ್ರಿಟಿಷ್ ವಿಜ್ಞಾನಿ ಚಾರ್ಲ್ಸ್ ಟೇಟ್ ರೇಗನ್ ಈಗಿನ ಹೆಸರು ಕೊಟ್ಟ. ಅಲ್ಲಿಯ ಜನರ ಲೆಕ್ಕದಲ್ಲಿ ಇದೆಲ್ಲ ತೀರಾ ಇತ್ತೀಚಿನದು. 2022ರಲ್ಲಿ ಪ್ರಕಟವಾದ ಒಂದು ಜೀನೋಮ್ ಅಧ್ಯಯನದ ಪ್ರಕಾರ ಕಾದಾಟಕ್ಕೆಂದು ಈ ಮೀನನ್ನು ಮನುಷ್ಯ ಸಾಕಲು ಶುರುಮಾಡಿ ಕನಿಷ್ಠ ಸಾವಿರ ವರ್ಷವಾದರೂ ಆಗಿದೆ. 2019ರಲ್ಲಿ ಥಾಯ್ಲೆಂಡ್ ಇದನ್ನು ತನ್ನ ರಾಷ್ಟ್ರೀಯ ಜಲಚರ ಎಂದು ಘೋಷಿಸಿತು.

ಗದ್ದೆಯ ನೀರನ್ನು ಕಣ್ಣಮುಂದೆ ತಂದುಕೊಳ್ಳಿ. ಮಂಡಿಯುದ್ದವೂ ಇರದ ಆಳ, ಕೊಳೆಯುವ ಎಲೆ, ಬಿಸಿಲಿಗೆ ಕಾದ ನೀರು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಕೊಳೆಯುವ ಎಲೆ ಇದ್ದಷ್ಟನ್ನೂ ಹೀರುತ್ತದೆ. ಅಲ್ಲಿ ಕಿವಿರೊಂದನ್ನೇ ನಂಬಿದ ಮೀನು ಬದುಕುವುದು ಕಷ್ಟ. ಫೈಟರ್‌ಗೆ ಕಿವಿರಿನ ಮೇಲ್ಭಾಗದಲ್ಲಿ ಮಡಿಕೆ ಮಡಿಕೆಯಾದ, ರಕ್ತನಾಳ ತುಂಬಿದ ಒಂದು ಅಂಗವಿದೆ. ಲ್ಯಾಬಿರಿಂತ್ ಎನ್ನುತ್ತಾರೆ. ಮೀನು ಮೇಲೆ ಬಂದು ಒಂದು ಗುಟುಕು ಗಾಳಿ ಎಳೆದುಕೊಂಡು ಹೋಗುವುದು ಅದಕ್ಕಾಗಿ. ನಮ್ಮ ದಕ್ಷಿಣ ಭಾರತದ ಹಳ್ಳಕೊಳ್ಳಗಳಲ್ಲೂ ಅದರ ನೆಂಟರಿದ್ದಾರೆ. ನೀರು ಬತ್ತಿದಾಗ ನೆಲದ ಮೇಲೆ ತೆವಳಿಕೊಂಡು ಹೋಗುವ ಅನಾಬಾಸ್ ಮೀನಿಗೂ ಇದೇ ಅಂಗ.

ಇಲ್ಲಿಂದ ಮೊದಲ ದೊಡ್ಡ ತಪ್ಪು ಹುಟ್ಟಿತು: "ಗಾಳಿಯಿಂದ ಉಸಿರಾಡುತ್ತಲ್ಲ, ಒಂದು ಲೋಟ ನೀರು ಸಾಕು." ಇದಕ್ಕೆ ಜೊತೆಯಾಗಿ "ಕಾಡಿನಲ್ಲಿ ಅದು ಎಮ್ಮೆ ಹೆಜ್ಜೆಯ ಗುಳಿಯಲ್ಲಿ ಇರುತ್ತೆ" ಎಂಬ ಕತೆ. ಬೇಸಿಗೆಯಲ್ಲಿ ನೀರು ಇಂಗಿ, ಗುಳಿಯಲ್ಲಿ ಸಿಕ್ಕಿಬಿದ್ದ ಮೀನು ಇರಬಹುದು. ಅದು ಮೀನಿನ ಬರಗಾಲ. ಮಳೆ ಬಂದರೆ ಮತ್ತೆ ಎಕರೆಗಟ್ಟಲೆ ಗದ್ದೆ ಅದರದ್ದು. ಆಳ ಕಡಿಮೆ ಎನ್ನುವುದು ನಿಜ, ಜಾಗ ಕಡಿಮೆ ಎನ್ನುವುದು ಸುಳ್ಳು.

ಗಾಳಿ ಕುಡಿಯುವುದರಿಂದ ಆಮ್ಲಜನಕದ ಸಮಸ್ಯೆ ಬಗೆಹರಿಯಿತು. ಮೀನಿನ ಮೈಯಿಂದಲೇ ನೀರಿಗೆ ಸೇರುವ ಅಮೋನಿಯಾ ಎಂಬ ವಿಷದ ಸಮಸ್ಯೆ ಬಗೆಹರಿಯಲಿಲ್ಲ. ಇದನ್ನು ಒಂದು ಲೆಕ್ಕದಲ್ಲಿ ನೋಡೋಣ, ಪೆನ್ನು ಇದ್ದವರು ಬರೆದುಕೊಳ್ಳಿ. ದೊಡ್ಡ ಫೈಟರ್ ದಿನಕ್ಕೆ 30 ಮಿಲಿಗ್ರಾಂ ಒಣ ಆಹಾರ ತಿಂದಿತು ಎನ್ನಿ. ಅದರಲ್ಲಿ ಶೇ 40 ಪ್ರೋಟೀನ್, ಅಂದರೆ 12 ಮಿಲಿಗ್ರಾಂ. ಪ್ರೋಟೀನಿನ ತೂಕದಲ್ಲಿ ಸುಮಾರು ಶೇ 16 ಸಾರಜನಕ, ಅದು ಹತ್ತಿರಹತ್ತಿರ 2 ಮಿಲಿಗ್ರಾಂ. ಅದರಲ್ಲಿ ಅರ್ಧದಷ್ಟು ಅಮೋನಿಯಾ ರೂಪದಲ್ಲಿ, ಹೆಚ್ಚಾಗಿ ಕಿವಿರಿನ ಮೂಲಕ, ನೀರಿಗೆ ಬಂತು ಎಂದರೂ ದಿನಕ್ಕೆ 1 ಮಿಲಿಗ್ರಾಂ. ಒಂದು ಲೀಟರಿನ ಬೌಲಿನಲ್ಲಿ ಒಂದೇ ದಿನಕ್ಕೆ ಲೀಟರಿಗೆ 1 ಮಿಲಿಗ್ರಾಂ ಆಯಿತು, ಮೂರು ದಿನಕ್ಕೆ 3. ಇಪ್ಪತ್ತು ಲೀಟರಿನ ತೊಟ್ಟಿಯಲ್ಲಿ ಅದೇ ಮೀನು, ಅದೇ ಊಟ, ದಿನಕ್ಕೆ 0.05. ಅಕ್ವೇರಿಯಂ ಇಟ್ಟವರು ಪರೀಕ್ಷಾ ಕಿಟ್‌ನಲ್ಲಿ 0.25 ಕಂಡರೇ ನೀರು ಬದಲಿಸಲು ಓಡುತ್ತಾರೆ. ಅಂದಾಜು ಲೆಕ್ಕ ಇದು, ಆದರೆ ಅಂಕಿಗಳನ್ನು ನೀವು ಯಾವ ಕಡೆ ಎಳೆದಾಡಿದರೂ ಬೌಲು ಗೆಲ್ಲುವುದಿಲ್ಲ.

ನಮ್ಮ ಊರುಗಳಿಗೆ ಇದರಲ್ಲಿ ಇನ್ನೊಂದು ಎಳೆ ಇದೆ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ, ಒಂದು ಹೆಚ್ಚು ವಿಷ, ಇನ್ನೊಂದು ಕಡಿಮೆ. ನೀರು ಆಮ್ಲವೋ ಕ್ಷಾರವೋ ಎಂದು ಹೇಳುವ ಅಳತೆ ಪಿಎಚ್. ಅದು 7 ಇದ್ದಾಗ ವಿಷದ ರೂಪ ನೂರಕ್ಕೆ ಒಂದು ಭಾಗವೂ ಇರುವುದಿಲ್ಲ. ಪಿಎಚ್ 8ಕ್ಕೆ ಹೋದರೆ ಅದು ಹತ್ತಿರಹತ್ತಿರ ಹತ್ತುಪಟ್ಟು. ಬಯಲುಸೀಮೆಯ ಬೋರ್‌ವೆಲ್ ನೀರು ಬಹುಮಟ್ಟಿಗೆ ಗಡಸು, ಪಿಎಚ್ 7ಕ್ಕಿಂತ ಮೇಲೆ. ಹಾಗಾಗಿ ಅದೇ ಬೌಲು ಮಡಿಕೇರಿಯ ಮಳೆನೀರಿನಲ್ಲಿ ಮಾಡುವುದಕ್ಕಿಂತ ಕೋಲಾರದ ಬೋರ್ ನೀರಿನಲ್ಲಿ ಹೆಚ್ಚು ಹಾನಿ ಮಾಡುತ್ತದೆ.

ಇಲ್ಲಿ ಮುಂದಿನ ಸಾಲಿನ ಒಬ್ಬರು ಕೈಯೆತ್ತಿದರು. "ಹಾಗಾದ್ರೆ ಆರ್‌ಒ ನೀರು ಹಾಕಿದ್ರೆ ಆಯ್ತಲ್ಲ ಸಾರ್, ನಾವು ಕುಡಿಯೋದೇ ಅದನ್ನ."

ಆಗುವುದಿಲ್ಲಮ್ಮ. ಆರ್‌ಒ ಯಂತ್ರ ನೀರಿನ ಲವಣವನ್ನೆಲ್ಲ ಸೋಸಿಬಿಡುತ್ತದೆ. ಮೀನಿಗೆ ಆ ಲವಣ ಸ್ವಲ್ಪ ಬೇಕು, ಪಿಎಚ್ ಏರಿಳಿಯದಂತೆ ಹಿಡಿದಿಡುವುದೂ ಅದೇ. ಬರೀ ಆರ್‌ಒ ನೀರಿನಲ್ಲಿ ಪಿಎಚ್ ದಿಢೀರನೆ ಕುಸಿಯಬಹುದು. ನಿಮ್ಮ ನಲ್ಲಿಯ ನೀರೇ ಒಳ್ಳೆಯದು. ಕಾವೇರಿ ನೀರಾದರೆ ಕ್ಲೋರಿನ್ ಇರುತ್ತದೆ, ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಹಾಕಿ, ಇಲ್ಲವೇ ಅಂಗಡಿಯಲ್ಲಿ ಸಿಗುವ ಆ್ಯಂಟಿ-ಕ್ಲೋರಿನ್ ಎರಡು ಹನಿ ಬಿಡಿ. ಬೋರ್ ನೀರು ತೀರಾ ಗಡಸಾಗಿದ್ದರೆ ಅರ್ಧ ಆರ್‌ಒ ಬೆರೆಸಿ. ಈಗ ಸಾಕಿದ ತಳಿಗಳು ಪಿಎಚ್ ಆರೂವರೆಯಿಂದ ಎಂಟರವರೆಗೂ ಹೊಂದಿಕೊಳ್ಳುತ್ತವೆ. ಇವತ್ತೊಂದು ನೀರು, ನಾಳೆಯೊಂದು ನೀರು ಅಂದರೆ ಮಾತ್ರ ಸುಸ್ತಾಗುತ್ತವೆ.

ವಾರಕ್ಕೊಮ್ಮೆ ಮೀನನ್ನು ಚೊಂಬಿಗೆ ಹಾಕಿ, ಬೌಲನ್ನು ಸೋಪು ಹಾಕಿ ಫಳಫಳ ತೊಳೆದು, ಕಲ್ಲುಗಳನ್ನು ಬಿಸಿಲಿಗೆ ಒಣಗಿಸಿ ಇಡುವವರಿದ್ದಾರೆ. ಮನೆ ಒಪ್ಪವಾಗಿಡುವವರೇ ಇದನ್ನು ಹೆಚ್ಚು ಮಾಡುವುದು. ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ಮತ್ತೆ ಕಡಿಮೆ ವಿಷದ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ಬೆಳೆಯುವುದು ಆ ಕಲ್ಲಿನ ಮೇಲೆ, ಫಿಲ್ಟರಿನ ಸ್ಪಾಂಜಿನೊಳಗೆ. ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನೀವು ಪ್ರತಿ ಭಾನುವಾರ ಅವನ್ನು ಚರಂಡಿಗೆ ಕಳಿಸಿದರೆ ಮೀನು ಪ್ರತಿ ಸೋಮವಾರ ಹೊಸದಾಗಿ ಶುರುಮಾಡಬೇಕು. ಹದಿನೈದು–ಇಪ್ಪತ್ತು ಲೀಟರಿನ ತೊಟ್ಟಿ, ನೀರನ್ನು ಹೆಚ್ಚು ಅಲುಗಿಸದ ಒಂದು ಸ್ಪಾಂಜ್ ಫಿಲ್ಟರ್, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾವಣೆ, ಸ್ಪಾಂಜನ್ನು ಅದೇ ತೊಟ್ಟಿಯ ಹಳೆ ನೀರಿನಲ್ಲಿ ಹಿಂಡುವುದು. ಇಷ್ಟೇ ಕೆಲಸ. ತೊಟ್ಟಿಗೆ ಮುಚ್ಚಳ ಮಾತ್ರ ಬೇಕೇಬೇಕು. ಇದು ಹಾರುವ ಮೀನು, ಬೆಳಿಗ್ಗೆ ಕಸ ಗುಡಿಸುವಾಗ ಸೋಫಾ ಕೆಳಗೆ ಸಿಕ್ಕ ಉದಾಹರಣೆಗಳು ಬೇಕಾದಷ್ಟಿವೆ. ಮುಚ್ಚಳ ಮತ್ತು ನೀರಿನ ನಡುವೆ ನಾಲ್ಕು ಬೆರಳಿನ ಜಾಗ ಬಿಡಿ, ಗಾಳಿ ಕುಡಿಯಲು.

"ಥಾಯ್ಲೆಂಡಿನವರೇ ಬಾಟಲಿಯಲ್ಲಿ ಸಾಕ್ತಾರಲ್ಲ" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಿಜ. ನಾಖೋನ್ ಪಾಥೋಮ್ ಕಡೆಯ ಸಾಕಣೆದಾರರು ಸಾಲುಸಾಲು ಚಪ್ಪಟೆ ಬಾಟಲಿಗಳಲ್ಲಿ ಗಂಡುಗಳನ್ನು ಬೇರೆಬೇರೆ ಇಡುತ್ತಾರೆ, ಒಟ್ಟಿಗಿಟ್ಟರೆ ಕಚ್ಚಾಡಿ ರೆಕ್ಕೆ ಹರಿದುಕೊಳ್ಳುತ್ತವೆ ಎಂದು. ಅದು ಮಾರಾಟಕ್ಕೆ ಮುಂಚಿನ ಕೆಲವೇ ತಿಂಗಳ ವ್ಯವಸ್ಥೆ. ನೀರು ಬದಲಿಸುವುದೇ ಉದ್ಯೋಗವಾಗಿರುವ ಆಳುಗಳಿರುತ್ತಾರೆ, ಜೀವಂತ ಆಹಾರ ಇರುತ್ತದೆ, ಹವೆಯೇ ಬೆಚ್ಚಗಿರುತ್ತದೆ. ಅದರಲ್ಲಿ ನಾವು ಕಲಿತದ್ದು ಬಾಟಲಿಯೊಂದನ್ನೇ. ಇಲ್ಲಿಗೆ ಬರುವ ಮೀನು ಚೆನ್ನೈನ ಕೊಳತ್ತೂರಿನಂಥ ದೊಡ್ಡ ಮಾರುಕಟ್ಟೆಗಳನ್ನು ಹಾದು, ಅಂಗೈಯಗಲದ ಪ್ಲಾಸ್ಟಿಕ್ ಚೀಲದಲ್ಲಿ ಪ್ರಯಾಣ ಮಾಡಿ, ಅಂಗಡಿಯ ಐಸ್‌ಕ್ರೀಂ ಕಪ್ಪಿನಲ್ಲಿ ನೀಲಿ ನೀರಿನೊಳಗೆ ಕೂತಿರುತ್ತದೆ. ಅಲ್ಲಿಯೂ ಜೀವ ಬಿಡುವುದಿಲ್ಲ, ಅದೇ ಅದರ ಗ್ರಹಚಾರ.

ಗ್ರಹಚಾರ ಎಂದಾಗ ನೆನಪಾಯಿತು. ಮನೆಯಲ್ಲಿ ಮೀನು ಸತ್ತರೆ ನಮ್ಮಲ್ಲಿ ಒಂದು ಮಾತಿದೆ: "ಮನೆಗೆ ಬರಬೇಕಾದ ಕಂಟಕಾನ ಅದು ತಗೊಂಡು ಹೋಯ್ತು." ದೃಷ್ಟಿಯನ್ನು ಮೀನು ಎಳೆದುಕೊಳ್ಳುತ್ತದೆ ಎಂದು ವಾಸ್ತು ಹೇಳುವವರ ಮಾತು ಕೇಳಿ ನಡುಮನೆಯ ಮೂಲೆಯಲ್ಲಿ ತೊಟ್ಟಿ ಇಡುವವರೂ ಇದ್ದಾರೆ. ನಂಬಿಕೆಯ ಬಗ್ಗೆ ಜಗಳವಾಡಲು ನಾನು ಬಂದಿಲ್ಲ. ಆದರೆ ಈ ಒಂದು ನಂಬಿಕೆ ಮೀನಿಗೆ ಮಾಡುವಷ್ಟು ಕೇಡನ್ನು ಯಾವ ರೋಗವೂ ಮಾಡುವುದಿಲ್ಲ. ನಾಯಿ ಸತ್ತರೆ ಏನಾಯಿತು ಎಂದು ಕೇಳುತ್ತೇವೆ, ಗಿಡ ಒಣಗಿದರೂ ಬುಡ ಕೆದಕಿ ನೋಡುತ್ತೇವೆ. ಮೀನು ಸತ್ತರೆ ಮಾತ್ರ ಕೈಮುಗಿದು, ಸಂಜೆ ಇನ್ನೊಂದು ತಂದು ಅದೇ ನೀರಿಗೆ ಬಿಡುತ್ತೇವೆ. ಎರಡರಿಂದ ನಾಲ್ಕು ವರ್ಷ ಬದುಕಬೇಕಾದ ಮೀನಿಗೆ ಮೂರು ತಿಂಗಳೇ ಆಯುಸ್ಸು ಎಂದು ನಮ್ಮ ಮಕ್ಕಳು ನಂಬಿ ಬೆಳೆದಿರುವುದು ಹೀಗೆ.

ಇನ್ನು ಊಟದ ವಿಷಯ. ಇವತ್ತಿನ ಮುಖ್ಯ ಮಾತೇ ಅದು.

ಫೈಟರ್‌ನ ಮುಖವನ್ನು ಹತ್ತಿರದಿಂದ ನೋಡಿ. ಬಾಯಿ ಮೇಲ್ಮುಖ. ನೀರಿನ ಮೇಲ್ಪದರದಲ್ಲಿ ತೇಲುವುದನ್ನು, ಅದರ ಕೆಳಗೆ ಜೋತಾಡುವುದನ್ನು ಹಿಡಿಯಲು ಮಾಡಿದ ಬಾಯಿ ಅದು. ಗದ್ದೆಯಲ್ಲಿ ಅದು ತಿನ್ನುವುದು ಸೊಳ್ಳೆಯ ಮರಿ, ಬೇರೆ ಕೀಟಗಳ ಮರಿ, ಡಾಫ್ನಿಯಾದಂಥ ಸಾಸಿವೆಗಿಂತ ಚಿಕ್ಕ ನೀರುಜೀವಿ, ನೀರಿಗೆ ಬಿದ್ದ ಇರುವೆ ನೊಣ. ತೊಟ್ಟಿಯಲ್ಲಿ ಒಂದು ಸೊಳ್ಳೆ ಮರಿ ಬಿಟ್ಟು ನೋಡಿ. ಅದು ತಲೆ ಕೆಳಗೆ ಮಾಡಿ, ಬಾಲದ ತುದಿಯ ಉಸಿರುಕೊಳವೆಯನ್ನು ನೀರಿನ ಮೇಲಕ್ಕೆ ಚುಚ್ಚಿಕೊಂಡು ನೇತಾಡುತ್ತಿರುತ್ತದೆ. ಫೈಟರ್ ಕಂಡ ಕೂಡಲೇ ನುಗ್ಗುವುದಿಲ್ಲ. ಅಷ್ಟು ದೂರದಲ್ಲೇ ನಿಲ್ಲುತ್ತದೆ, ಎದೆಯ ರೆಕ್ಕೆ ಮಾತ್ರ ಬೀಸುತ್ತ, ಎರಡೂ ಕಣ್ಣನ್ನು ಮುಂದಕ್ಕೆ ತಿರುಗಿಸಿ ಗುರಿ ಹಿಡಿಯುತ್ತದೆ. ಮೈಯನ್ನು ಸ್ವಲ್ಪ ಬಿಲ್ಲಿನಂತೆ ಬಾಗಿಸುತ್ತದೆ. ಮರಿ ಒಮ್ಮೆ ಕೊಸರಿತೋ, ಚಟ್ ಎಂದು ಮುಗಿಯಿತು. ಆಮೇಲೆ ಅದೇ ಜಾಗದಲ್ಲಿ ಇನ್ನೊಂದು ಇದೆಯೇ ಎಂದು ಹುಡುಕುತ್ತ ಅರ್ಧ ಗಂಟೆ ಸುತ್ತುತ್ತದೆ. ಮಂಡಕ್ಕಿ ಹಾಕಿದಾಗ ಇದ್ಯಾವುದೂ ನಡೆಯುವುದಿಲ್ಲ.

ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ: "ನಮ್ಮನೇಲಿ ಬರೀ ಅನ್ನ ತಿಂದ್ಕೊಂಡೇ ಒಂದು ವರ್ಷ ಇತ್ತಪ್ಪ."

ಎಲ್ಲಿಟ್ಟಿದ್ರಿ ಅಜ್ಜಿ? "ಹಿತ್ಲಲ್ಲಿ, ಕಲ್ಲು ಮರಿಗೇಲಿ." ಹಾಗಾದರೆ ಅದು ತಿಂದದ್ದು ನಿಮ್ಮ ಅನ್ನವನ್ನಲ್ಲ, ಮರಿಗೆಗೆ ಬಂದು ಮೊಟ್ಟೆಯಿಟ್ಟ ಸೊಳ್ಳೆಗಳ ಸಂಸಾರವನ್ನು. ನಿಮ್ಮ ಹಿತ್ತಲಿಗೂ ಲಾಭ, ಅದಕ್ಕೂ ಹಬ್ಬ. ಹಿತ್ತಲ ಕಲ್ಲು ಮರಿಗೆ ನಡುಮನೆಯ ಬೌಲಿಗಿಂತ ಎಷ್ಟೋ ಮೇಲು, ಬೆಕ್ಕು ಮತ್ತು ಮಿಂಚುಳ್ಳಿಯ ಕಾಟ ಒಂದನ್ನು ಬಿಟ್ಟರೆ.

ಹಾಗಂತ ಸೊಳ್ಳೆ ಮರಿಗಾಗಿ ಬಕೆಟ್ಟಿನಲ್ಲಿ ನೀರು ನಿಲ್ಲಿಸಿಡಲು ಹೋಗಬೇಡಿ. ಹವ್ಯಾಸಿಗಳಲ್ಲಿ ಈ ಚಟ ಇದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು ಬೆಚ್ಚನೆಯ ದಿನಗಳಲ್ಲಿ ಒಂದು ವಾರ, ಹತ್ತು ದಿನ ಸಾಕು. ನೀವು ಒಂದು ದಿನ ಬಲೆ ಹಾಕಲು ಮರೆತರೆ ಬೀದಿಗೆಲ್ಲ ಹಂಚಿದಂತೆ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಇಟ್ಟಿತು. ಆರೋಗ್ಯ ಇಲಾಖೆಯವರು ಸೊಳ್ಳೆ ಮರಿ ತಿನ್ನಲೆಂದು ಬಾವಿಗೆ ಗಪ್ಪಿ ಮೀನು ಬಿಡುತ್ತಿರುವಾಗ ನಾವು ಬಕೆಟ್ಟಿನಲ್ಲಿ ಸೊಳ್ಳೆ ಸಾಕಿದರೆ ಚೆನ್ನಾಗಿರುವುದಿಲ್ಲ.

ಹಾಗಾದರೆ ದಿನನಿತ್ಯ ಏನು ಹಾಕಬೇಕು? ಕಾಳು. ಫೈಟರ್‌ಗೆಂದೇ ಮಾಡಿದ, ಒಂದೂವರೆ ಮಿಲಿಮೀಟರ್ ಗಾತ್ರದ ತೇಲುವ ಕಾಳು ಅಂಗಡಿಗಳಲ್ಲಿ ಸಿಗುತ್ತದೆ. ಡಬ್ಬದ ಮುಂದೆ ಹಾರುವ ಹಾಫ್‌ಮೂನ್ (ಅರ್ಧಚಂದ್ರದಂಥ ಬಾಲದ ಫೈಟರ್) ಚಿತ್ರ ನೋಡಬೇಡಿ, ಹಿಂದೆ ತಿರುಗಿಸಿ. ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ಮೀನಿನ ಪುಡಿಯೋ, ಸೀಗಡಿಯೋ, ಸೀಗಡಿಯಂಥದ್ದೇ ಸಣ್ಣ ಕಡಲಜೀವಿ ಕ್ರಿಲ್ಲೋ ಇರಬೇಕು. ಗೋಧಿ ಹಿಟ್ಟು, ಸೋಯಾ ಮೊದಲಿದ್ದರೆ ಅದು ಮಂಡಕ್ಕಿಯ ಅಣ್ಣನೇ. ಪ್ರೋಟೀನ್ ಶೇ 40 ದಾಟಿದ್ದರೆ ಒಳ್ಳೆಯದು. ಅಂಗಡಿಯವರು ದೊಡ್ಡ ಚೀಲದಿಂದ ಸುರಿದು, ಹೆಸರಿಲ್ಲದ ಪೊಟ್ಟಣ ಕಟ್ಟಿ ಹತ್ತು ರೂಪಾಯಿಗೆ ಕೊಡುವ ಕೆಂಪು–ಹಸಿರು ಕಾಳನ್ನು ಬಿಟ್ಟುಬಿಡಿ. ಅದು ಎಷ್ಟು ಹಳೆಯದೋ, ಅದರಲ್ಲಿ ಏನಿದೆಯೋ ಅವರಿಗೂ ತಿಳಿದಿರುವುದಿಲ್ಲ. ಡಬ್ಬ ಒಡೆದ ಮೇಲೆ ನಾಲ್ಕಾರು ತಿಂಗಳಲ್ಲಿ ಮುಗಿಸಿ ಅಥವಾ ಎಸೆಯಿರಿ.

ಎಷ್ಟು ಹಾಕಬೇಕು ಎನ್ನುವುದರಲ್ಲಿ ಎರಡು ಪಂಗಡ. ಒಂದು ಪಂಗಡ ಮೀನು ಗಾಜಿಗೆ ಮೂತಿ ಒತ್ತಿ ಕುಣಿದಾಗಲೆಲ್ಲ ಹಾಕುತ್ತದೆ. ಫೈಟರ್ ನಿಮ್ಮ ಮುಖವನ್ನು ಊಟದೊಂದಿಗೆ ಜೋಡಿಸಿಕೊಂಡಿರುತ್ತದೆ, ಹೊಟ್ಟೆ ತುಂಬಿದ್ದರೂ ಕುಣಿಯುತ್ತದೆ. ಅದರ ಹೊಟ್ಟೆ ಅದರ ಕಣ್ಣಿನಷ್ಟೇ ದೊಡ್ಡದು ಎಂಬ ಮಾತಿದೆ. ಹೊಟ್ಟೆ ಹಿಗ್ಗುತ್ತದೆ, ಅಷ್ಟು ಕರಾರುವಾಕ್ಕಲ್ಲ, ಆದರೂ ಕೈ ಹಿಡಿತಕ್ಕೆ ತರಲು ಒಳ್ಳೆಯ ಅಳತೆ. ಬೆಳಿಗ್ಗೆ ಮೂರು ಕಾಳು, ಸಂಜೆ ಮೂರು ಕಾಳು, ದೊಡ್ಡ ಮೀನಾದರೆ ಒಂದೆರಡು ಜಾಸ್ತಿ. ಇನ್ನೊಂದು ಪಂಗಡ "ಎರಡು ದಿನಕ್ಕೊಮ್ಮೆ ಎರಡು ಕಾಳು ಸಾಕು ಅಂತ ಅಂಗಡಿಯವನೇ ಹೇಳಿದ್ದಾನೆ" ಎನ್ನುತ್ತದೆ. ಅಂಗಡಿಯವನು ಸುಳ್ಳು ಹೇಳಿಲ್ಲ. ಅವನ ಕಪ್ಪಿನಲ್ಲಿ ಕಾಲು ಲೀಟರ್ ನೀರಿದೆ, ಫಿಲ್ಟರ್ ಇಲ್ಲ, ಜಾಸ್ತಿ ಹಾಕಿದರೆ ನೀರು ಕೆಡುತ್ತದೆ. ಅವನು ಕೊಟ್ಟ ಲೆಕ್ಕ ಕಪ್ಪಿನ ನೀರಿಗೆ ಸಂಬಂಧಿಸಿದ್ದು. ಅದನ್ನೇ ನಾವು ಮೀನಿನ ಹಸಿವಿನ ಲೆಕ್ಕ ಎಂದುಕೊಂಡು ಮನೆಗೆ ತಂದೆವು.

ವಾರಕ್ಕೊಂದು ದಿನ ಉಪವಾಸ ಹಾಕಿದರೆ ಒಳ್ಳೆಯದು. ಏಕಾದಶಿಯೇ ಆಗಬೇಕೆಂದಿಲ್ಲ. ನಾಲ್ಕೈದು ದಿನ ಊರಿಗೆ ಹೋಗುವವರು ಪಕ್ಕದ ಮನೆಯವರಿಗೆ ಡಬ್ಬ ಕೊಟ್ಟು ಹೋಗುವ ಬದಲು ಹಾಗೇ ಹೋಗಿಬನ್ನಿ. ಆರೋಗ್ಯವಾದ ದೊಡ್ಡ ಮೀನಿಗೆ ಅಷ್ಟು ದಿನ ಏನೂ ಆಗುವುದಿಲ್ಲ. ಪಕ್ಕದ ಮನೆಯವರ ಪ್ರೀತಿಯಿಂದ ಸತ್ತ ಮೀನುಗಳೇ ಹೆಚ್ಚು.

ಹೊಟ್ಟೆ ಉಬ್ಬಿ, ಮೀನು ಒಂದು ಪಕ್ಕಕ್ಕೆ ವಾಲಿ ತೇಲತೊಡಗಿದರೆ ಬೇಯಿಸಿದ ಬಟಾಣಿ ಕೊಡಿ ಎನ್ನುವ ಸಲಹೆ ಎಲ್ಲೆಲ್ಲೂ ಓಡಾಡುತ್ತಿದೆ. ಅದು ಗೋಲ್ಡ್‌ಫಿಶ್‌ನ ಮನೆಮದ್ದು. ಗೋಲ್ಡ್‌ಫಿಶ್ ಸೊಪ್ಪುಸದೆ ತಿನ್ನುವ ಮೀನು, ಅದರ ಕರುಳು ಉದ್ದ. ಫೈಟರ್‌ನ ಕರುಳು ಗಿಡ್ಡ, ಮಾಂಸಾಹಾರಕ್ಕೆ ಹೊಂದಿದ್ದು. ಮೊದಲು ಎರಡು ದಿನ ಉಪವಾಸ, ನೀರು 27–28 ಡಿಗ್ರಿಗೆ ಬೆಚ್ಚಗೆ, ಆಮೇಲೆ ಸಿಕ್ಕರೆ ಡಾಫ್ನಿಯಾ. ಡಾಫ್ನಿಯಾದ ಚಿಪ್ಪು ಅರಗದೆ ಹೊರಹೋಗುವುದರಿಂದ ನಾರಿನ ಕೆಲಸ ಅದೇ ಮಾಡುತ್ತದೆ.

ಹೆಪ್ಪುಗಟ್ಟಿಸಿದ ಅಥವಾ ಒಣಗಿಸಿದ ಬ್ಲಡ್‌ವರ್ಮ್ ಎಂಬ ಕೆಂಪು ಹುಳ ಸಿಗುತ್ತದೆ, ವಾರಕ್ಕೆ ಒಂದೆರಡು ಬಾರಿ ಕೊಡಬಹುದು. ಒಣ ಹುಳುವಿನ ಪುಡಿ ಕೆಲವರಿಗೆ ಅಲರ್ಜಿ; ಸೀನು, ಕಣ್ಣುತುರಿಕೆ ಬಂದರೆ ಶೀತ ಎಂದುಕೊಳ್ಳದೆ ಆ ಡಬ್ಬವನ್ನು ಅನುಮಾನಿಸಿ. ಜೀವಂತ ಟ್ಯೂಬಿಫೆಕ್ಸ್ ಚರಂಡಿಯ ಕೆಸರಿನಲ್ಲಿ ಬೆಳೆಯುವ ಹುಳ. ಮೀನು ಬಾಯಿಚಪ್ಪರಿಸಿ ತಿನ್ನುತ್ತದೆ, ಜೊತೆಗೆ ಚರಂಡಿಯ ರೋಗಾಣುವನ್ನೂ ತಿನ್ನುತ್ತದೆ.

"ಬಣ್ಣ ಹೆಚ್ಚಿಸುವ" ಆಹಾರದ ಬಗ್ಗೆ ಒಂದು ಹುಡುಗ ಕೇಳಿದ. ಕೆಂಪು, ಹಳದಿ ಮೀನಿಗೆ ಸ್ವಲ್ಪ ಪರಿಣಾಮ ಇದೆ, ಆ ಬಣ್ಣಗಳಿಗೆ ಬೇಕಾದ ಕ್ಯಾರೊಟಿನಾಯ್ಡ್‌ಗಳು ಊಟದಿಂದಲೇ ಬರಬೇಕು. ನೀಲಿ ಫೈಟರ್‌ಗೆ ಎಷ್ಟು ಹಾಕಿದರೂ ನೀಲಿ ಏರುವುದಿಲ್ಲ. ಅದರಲ್ಲಿ ನೀಲಿ ಬಣ್ಣದ ಪದಾರ್ಥವೇ ಇಲ್ಲ; ಚರ್ಮದ ಕೋಶಗಳೊಳಗಿನ ಸಣ್ಣ ಹರಳುಗಳು ಬೆಳಕನ್ನು ಚದುರಿಸಿ ನೀಲಿಯಾಗಿ ಕಾಣಿಸುತ್ತವೆ.

ಬಾಟಲಿಯಲ್ಲಿ ಮನಿ ಪ್ಲಾಂಟ್ ಇಟ್ಟು ಬೇರಿನ ನಡುವೆ ಫೈಟರ್ ಬಿಡುವುದು ಈಗ ಆಫೀಸು ಮೇಜುಗಳ ಫ್ಯಾಷನ್. ಎರಡು–ಮೂರು ದಶಕದ ಹಿಂದೆ ಅಮೆರಿಕದಲ್ಲಿ ಪೀಸ್ ಲಿಲಿ ಗಿಡದೊಂದಿಗೆ ಇದೇ ಆಟ ನಡೆದಿತ್ತು. ಮೀನು ಬೇರು ತಿನ್ನುತ್ತದೆ, ಗಿಡ ಮೀನಿನ ಗೊಬ್ಬರ ಹೀರುತ್ತದೆ, ನೀವು ಸುಮ್ಮನಿರಬಹುದು ಎಂದು ಮಾರುತ್ತಿದ್ದರು. ಎರಡನೆಯ ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ಮನಿ ಪ್ಲಾಂಟಿನ ಬೇರು ನೈಟ್ರೇಟ್ ಹೀರುತ್ತದೆ. ಬೇರನ್ನು ಮೀನು ತಿನ್ನುವುದಿಲ್ಲ. ಹಸಿದು ಕಚ್ಚಿ ನೋಡಿದ್ದನ್ನು ಯಾರೋ ಊಟ ಎಂದು ಬರೆದಿಟ್ಟರು.

ಚಳಿಯ ವಿಷಯ ಬೇಗ ಹೇಳಿಬಿಡುತ್ತೇನೆ. ಈ ಮೀನಿಗೆ 25ರಿಂದ 28 ಡಿಗ್ರಿ ಬೇಕು. ಮಂಗಳೂರು, ಕಾರವಾರದವರು ತಲೆಕೆಡಿಸಿಕೊಳ್ಳಬೇಕಿಲ್ಲ. ಬೆಂಗಳೂರು, ಹಾಸನ, ಚಿಕ್ಕಮಗಳೂರಿನವರು ಡಿಸೆಂಬರ್ ರಾತ್ರಿ ತೊಟ್ಟಿಯೊಳಗೆ ಒಂದು ಥರ್ಮಾಮೀಟರ್ ಇಟ್ಟು ನೋಡಿ. ಹೊರಗೆ 15–16 ಇದ್ದಾಗ ಒಂದು ಲೀಟರಿನ ಬೌಲು ಬೆಳಗಾಗುವಷ್ಟರಲ್ಲಿ ಕೋಣೆಯಷ್ಟೇ ತಣ್ಣಗಾಗಿರುತ್ತದೆ. ತಣ್ಣೀರಿನಲ್ಲಿ ಮೀನಿಗೆ ಅರಗುವುದಿಲ್ಲ, ತಳದಲ್ಲಿ ಬಿದ್ದಿರುತ್ತದೆ, ನಾವು "ವಯಸ್ಸಾಯ್ತು" ಎನ್ನುತ್ತೇವೆ. 25 ವ್ಯಾಟಿನ ಹೀಟರ್ ಇಡೀ ದಿನ ಬಿಡದೆ ಉರಿದರೂ 0.6 ಯೂನಿಟ್. ಥರ್ಮೋಸ್ಟಾಟ್ ಇದ್ದರೆ ಅದಕ್ಕಿಂತ ಕಡಿಮೆ.

ನೀರಿನ ಮೇಲೆ ನೊರೆಗೂಡು ಕಟ್ಟಿದರೆ ಮೀನು ಸಂತೋಷವಾಗಿದೆ ಎನ್ನುತ್ತಾರೆ. ಗಂಡು ಪ್ರಾಯಕ್ಕೆ ಬಂದಿದೆ, ನೀರು ಅಲುಗುತ್ತಿಲ್ಲ ಎನ್ನುವುದಷ್ಟೇ ಅದರ ಅರ್ಥ. ಕೊಳಕು ಕಪ್ಪಿನಲ್ಲೂ ಕಟ್ಟುತ್ತದೆ. ಕನ್ನಡಿ ತೋರಿಸಿ ರೆಕ್ಕೆ ಬಿಚ್ಚಿಸುವುದು ಒಂದೆರಡು ನಿಮಿಷಕ್ಕೆ ತೊಂದರೆಯಿಲ್ಲ. ಪಕ್ಕಪಕ್ಕ ಎರಡು ಬೌಲು ಇಟ್ಟು ದಿನವಿಡೀ ಕೆರಳಿಸುವುದು ಹಿಂಸೆ. ಇನ್ನು ನಿಜವಾಗಿಯೇ ಕಾದಾಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ, ಆ ಕಾಯ್ದೆಯ ಪ್ರಕಾರ ಮನುಷ್ಯನಲ್ಲದ ಜೀವಿಯೆಲ್ಲ ಪ್ರಾಣಿಯೇ.

ಔಷಧಿ ಬಗ್ಗೆ ಒಂದೇ ಮಾತು. ಅಂಗಡಿಯಲ್ಲಿ ಕೊಡುವ ನೀಲಿ ಹನಿ ಮಿಥಿಲೀನ್ ಬ್ಲೂ, ಬೂಷ್ಟು ರೋಗಕ್ಕೆ ಮದ್ದು. ಅದನ್ನು ತೀರ್ಥದಂತೆ ವಾರವಾರ ಹಾಕಬೇಡಿ, ನಿಮ್ಮ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ರೋಗ ಬಂದ ಮೀನನ್ನು ಬೇರೆ ಪಾತ್ರೆಗೆ ಹಾಕಿ ಅಲ್ಲಿ ಕೊಡಿ. ಕಾಡುಬಾದಾಮಿಯ ಒಣ ಎಲೆಯೂ ಸರ್ವರೋಗ ನಿವಾರಕವಲ್ಲ, ಆದರೆ ಹಾಕಿದರೆ ಒಳ್ಳೆಯದೇ. ಟ್ಯಾನಿನ್ ಎಂಬ ಒಗರು ಅಂಶ ಬಿಟ್ಟು ನೀರನ್ನು ಟೀ ಬಣ್ಣಕ್ಕೆ ತಿರುಗಿಸುತ್ತದೆ, ಕೆಲವು ರೋಗಾಣುಗಳನ್ನು ತಕ್ಕಮಟ್ಟಿಗೆ ತಡೆಯುತ್ತದೆ, ಮೀನಿಗೆ ಅಡಗಲು ಜಾಗವಾಗುತ್ತದೆ. ಅದನ್ನು ಆನ್‌ಲೈನಿನಲ್ಲಿ ದುಡ್ಡು ಕೊಟ್ಟು ತರಿಸುವವರಿದ್ದಾರೆ. ನಮ್ಮ ಬೀದಿಗಳಲ್ಲೇ ಆ ಮರ ಬೇಕಾದಷ್ಟಿದೆ. ತಾನಾಗಿ ಒಣಗಿ ಉದುರಿದ, ಔಷಧಿ ಸಿಂಪಡಿಸದ ಕಡೆಯ ಎಲೆ ಆರಿಸಿ, ತೊಳೆದು ಹಾಕಿ.

ಕೊನೆಗೆ ಕಾಲೇಜು ಹುಡುಗಿಯೊಬ್ಬಳು ಕೇಳಿದಳು: "ಇಷ್ಟೆಲ್ಲ ಮಾಡೋಕೆ ಆಗಲ್ಲ ಅಂದ್ರೆ ಹತ್ತಿರದ ಕೆರೆಗೆ ಬಿಟ್ಟುಬಿಡಬಹುದಾ ಸಾರ್? ಅದಕ್ಕೂ ಸ್ವಾತಂತ್ರ್ಯ."

ಬೇಡಮ್ಮ. ಉದ್ದ ರೆಕ್ಕೆಯ ಸಾಕು ತಳಿ ಕೊಕ್ಕರೆಗೆ ಮಧ್ಯಾಹ್ನದ ಊಟವಾಗುವುದೇ ಹೆಚ್ಚು. ಹಾಗೊಂದು ವೇಳೆ ಬದುಕಿದರೆ ತೊಂದರೆ ಇನ್ನೂ ದೊಡ್ಡದು. ಉತ್ತರ ಆಸ್ಟ್ರೇಲಿಯಾದ ಡಾರ್ವಿನ್ ಹತ್ತಿರ, ಅಡಿಲೇಡ್ ನದಿಯ ಜೌಗಿನಲ್ಲಿ ಹೀಗೆ ಹೊರಗಿನಿಂದ ಬಂದ ಫೈಟರ್‌ಗಳು ಸಂಸಾರ ಹೂಡಿವೆ. ನಮ್ಮ ಕೆರೆಗಳಲ್ಲಿ ಈಗಾಗಲೇ ತಿಲಾಪಿಯಾ, ಆಫ್ರಿಕನ್ ಕ್ಯಾಟ್‌ಫಿಶ್ ಸೇರಿಕೊಂಡು ಊರ ಮೀನುಗಳಿಗೆ ಜಾಗವಿಲ್ಲದಂತೆ ಮಾಡಿವೆ. ಸಾಕಲು ಆಗದಿದ್ದರೆ ಸಾಕುವ ಗೆಳತಿಗೆ ಕೊಡು, ಇಲ್ಲವೇ ಕೊಂಡ ಅಂಗಡಿಗೇ ಹಿಂದಿರುಗಿಸು. ದುಡ್ಡು ವಾಪಸ್ ಕೇಳದಿದ್ದರೆ ಅಂಗಡಿಯವರು ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ.